ದಡಕ್ಕೆ ಮುಖಮಾಡಿದ ಮೀನುಬೇಲಿ

ಮಂಗಳವಾರದ ಬಿರುಗಾಳಿ ನಮ್ಮ ದಿಬ್ಬದಿಂದ ಮೂರು ಮಾರು ನೆಲವನ್ನು ಕಚ್ಚಿಕೊಂಡು ಹೋಗಿತ್ತು. ಬುಧವಾರ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ತೊಟ್ಟಿ ಉಳಿದಿದೆಯೋ ಇಲ್ಲವೋ? ರೋಮನ್ನರ ಕಾಲದಲ್ಲಿ ಮೀನಿಗೆ ಉಪ್ಪು ಹಾಕಿಡುತ್ತಿದ್ದ ಆ ಗಾರೆಯ ತೊಟ್ಟಿಯನ್ನು ಎರಡು ತಿಂಗಳಿಂದ ಅಂಗುಲ ಅಂಗುಲವಾಗಿ ಅಳೆದು ಚಿತ್ರ ಬರೆದವಳು ನಾನು. ಅಗೆತದ ತಂಡದಲ್ಲಿ ನನ್ನ ಕೆಲಸವೇ ಅದು. ಅದರ ಗೋಡೆಯ ಒಂದೊಂದು ಬಿರುಕೂ ನನಗೆ ಅಂಗೈಯ ಗೆರೆಯಷ್ಟು ಪರಿಚಯ.

ತೊಟ್ಟಿ ಉಳಿದಿತ್ತು. ಅದರ ಒಂದು ಅಂಚು ಮಾತ್ರ ದಿಬ್ಬದಿಂದ ಹೊರಗೆ ಚಾಚಿ, ಕೆಳಗೆ ಆಧಾರವಿಲ್ಲದೆ ನಿಂತಿತ್ತು. ಉಸಿರು ಬಿಟ್ಟು ಕೆಳಗೆ ನೋಡಿದೆ. ಇಳಿತದ ಹೊತ್ತು. ಪ್ರತಿದಿನ ಕಾಣುತ್ತಿದ್ದ ಬಿಳಿ ಮರಳು ಮಾಯವಾಗಿ, ಅದರಡಿಯ ಕಪ್ಪು ಕೆಸರು ಬೆತ್ತಲೆಯಾಗಿ ಮಲಗಿತ್ತು. ಆ ಕೆಸರಿನಲ್ಲಿ ಬೆರಳು ಗಾತ್ರದ, ಮಣಿಕಟ್ಟು ಗಾತ್ರದ ಕರಿ ಮೊಳಕೆಗಳು ಸಾಲಾಗಿ ತಲೆ ಎತ್ತಿದ್ದವು. ಒಂದು, ಹತ್ತು, ನಲವತ್ತು. ಸಾಲು ನೇರವಾಗಿ ಸಾಗಿ, ಒಂದು ಕಡೆ ಎರಡಾಗಿ ಕವಲೊಡೆದಿತ್ತು.

"ಶರ್ಫಿಯಾ!" ಎಂದು ಕಿರುಚಿದೆ. ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ. "ಮೇಡಂ! ಹಶ್ಮೀ! ಎಲ್ಲಾರೂ ಬನ್ನಿ! ಶರ್ಫಿಯಾ!"

ಬೆಹಿಜಾ ಮೇಡಂ ಸ್ಫಾಕ್ಸ್ ಊರಿನವರು, ಡಾಕ್ಟರೇಟ್ ಆದವರು, ನಮ್ಮ ಅಗೆತದ ಮುಖ್ಯಸ್ಥೆ. ಐವತ್ತು ದಾಟಿದ ಗಿಡ್ಡ ಹೆಂಗಸು, ಎಲ್ಲಿಗೂ ಓಡಿದವರಲ್ಲ. ಅವತ್ತು ಓಡಿದರು. ಅವರ ಹಿಂದೆ ಹಶ್ಮಿ, ನಮ್ಮ ಆರು ಜನ ಕೂಲಿಯವರ ಪೈಕಿ ಮೇಸ್ತ್ರಿ, ಬಾಯಲ್ಲಿ ಇನ್ನೂ ಅರ್ಧ ಬಾರ್ಲಿ ರೊಟ್ಟಿ ಇಟ್ಟುಕೊಂಡೇ ಬಂದ.

"ಯಾಕೆ ಹಾಗೆ ಕಿರುಚ್ತೀಯ ಶೆದ್ಲಿಯಾ? ತೊಟ್ಟಿ ಬಿತ್ತಾ?"

"ತೊಟ್ಟಿ ಹಾಳಾಗಿ ಹೋಗ್ಲಿ ಮೇಡಂ! ಇಲ್ಲಿ ನೋಡಿ, ಇಲ್ಲಿ!"

"ನಿನ್ನೆವರೆಗೂ ತೊಟ್ಟಿಗೋಸ್ಕರ ಪ್ರಾಣ ಬಿಡ್ತಿದ್ಳು," ಎಂದ ಹಶ್ಮಿ, ರೊಟ್ಟಿ ನುಂಗಿ. "ಹೆಂಗಸರ ಪ್ರೀತೀನೇ ಇಷ್ಟು."

ನಾನು ಆಗಲೇ ಕೆಳಗಿಳಿದಿದ್ದೆ. ಮೊಣಕಾಲವರೆಗೆ ಕೆಸರಿನಲ್ಲಿ ಹುಗಿದು ನಿಂತು ಗೂಟಗಳನ್ನು ಎಣಿಸುತ್ತಿದ್ದೆ. ಶರ್ಫಿಯಾ ಎಂದರೆ ನಮ್ಮ ಕೆರ್ಕೆನ್ನಾ ದ್ವೀಪದ ಮೀನುಬೇಲಿ. ಖರ್ಜೂರದ ಗರಿಗಳನ್ನು ಸಾಲಾಗಿ ಕೆಸರಿಗೆ ನೆಟ್ಟು ಕಟ್ಟುತ್ತೇವೆ. ಉಬ್ಬರದಲ್ಲಿ ದಡದ ಹತ್ತಿರ ಮೇಯಲು ಬಂದ ಮೀನು ಇಳಿತದಲ್ಲಿ ಆಳಕ್ಕೆ ಮರಳುವಾಗ ಬೇಲಿಗೆ ಅಡ್ಡ ಸಿಕ್ಕಿ, ಅದರ ಪಕ್ಕಕ್ಕೇ ಈಜುತ್ತಾ ಹೋಗಿ, ಕೊನೆಯಲ್ಲಿರುವ ಗೂಡಿಗೆ ತಾನಾಗಿ ಬೀಳುತ್ತದೆ. ಗೂಡಿನಲ್ಲಿ ಬುಟ್ಟಿ ಕಾಯುತ್ತಿರುತ್ತದೆ. ನನ್ನ ಮನೆತನದ ಗಂಡಸರು ಇಷ್ಟು ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ಆ ಬೇಲಿಯನ್ನು ನಾನು ಗುರುತಿಸದೆ ಇನ್ಯಾರು ಗುರುತಿಸಬೇಕು?

ಮೇಡಂ ಒಂದು ಗೂಟದ ಪಕ್ಕ ಕುಳಿತು ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ನೆನೆದ ಬ್ರೆಡ್ಡಿನಂತೆ ತಗ್ಗಿತು.

"ಕೆಸರಂತೂ ಬಹಳ ಹಳೇದು," ಎಂದರು. "ಆದ್ರೆ ಹಳೇ ಕೆಸರಿಗೆ ಗೂಟಾನ ಮೊನ್ನೆ ಮೊನ್ನೆ ಕೂಡ ಹೊಡೆದಿರಬಹುದು. ಪ್ರಯೋಗಾಲಯಕ್ಕೆ ಕಳಿಸಿದ್ರೆ ಉತ್ತರ ಬರೋಕೆ ನಾಲ್ಕು ತಿಂಗಳು. ಶುಕ್ರವಾರ ಸಂಜೆ ಮತ್ತೆ ಮೂಡಣ ಗಾಳಿ ಅಂತ ರೇಡಿಯೋದಲ್ಲಿ ಹೇಳಿದಾರೆ. ಇರೋದು ಆರು ಜನ, ಎರಡು ದಿನ. ತೊಟ್ಟಿ ಉಳಿಸ್ಕೊಳ್ಳೋದಾ, ಗೂಟ ಅಗೆಯೋದಾ? ಎರಡೂ ಆಗಲ್ಲ ಕಣಮ್ಮ."

"ಗೂಟ! ಎರಡು ಸಾವಿರ ವರ್ಷದ್ದಿರ್ಬೇಕು ಮೇಡಂ!" ಎಂದೆ.

"ಇದು ಯಾರ ನೀರು?" ಎಂದು ಕೇಳಿದರು ಮೇಡಂ.

ಅದುವರೆಗೆ ಕುಣಿಯುತ್ತಿದ್ದವಳು ಎಣಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ. ನಮ್ಮಲ್ಲಿ ಸಮುದ್ರಕ್ಕೂ ಹಕ್ಕುಪತ್ರವಿದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ದಡದಿಂದ ಆಳದವರೆಗೆ ಪ್ರತಿ ತುಂಡು ನೀರಿಗೂ ಒಬ್ಬ ಒಡೆಯನಿದ್ದಾನೆ, ಗಡಿಯಿದೆ, ಹೆಸರಿದೆ. ಒಬ್ಬರ ನೀರಿನಲ್ಲಿ ಇನ್ನೊಬ್ಬರು ಒಂದು ಗರಿಯನ್ನೂ ನೆಡುವಂತಿಲ್ಲ. ಈ ನೀರಿಗೆ ಬೂಬೇಕರನ ನೀರು ಎಂದು ಹೆಸರು. ಬೂಬೇಕರ್ ನನ್ನ ಅಜ್ಜ. ಈಗ ಅದು ಅವನ ಕಿರಿಯ ಮಗ, ನನ್ನ ಚಿಕ್ಕಪ್ಪ ಫೆರ್ಜಾನಿಯದು. ಅವರಿಗೆ ಇದೊಂದು ಬಿಟ್ಟು ಬೇರೆ ನೀರಿಲ್ಲ. ಬರುವ ಸೋಮವಾರ ಈ ವರ್ಷದ ಬೇಲಿ ನೆಡಬೇಕೆಂದು ಗರಿ ಕಡಿದು ದಡದಲ್ಲಿ ಒಟ್ಟಿಟ್ಟಿದ್ದರು. ಆ ಗೂಟಗಳು ನಿಜಕ್ಕೂ ಪುರಾತನವಾದರೆ ಪುರಾತತ್ವ ಇಲಾಖೆ ಅಲ್ಲಿ ಗುರುತಿನ ಕಂಬ ನೆಡುತ್ತದೆ. ಆಮೇಲೆ ಚಿಕ್ಕಪ್ಪನ ಗರಿಗೆ ಅಲ್ಲಿ ಜಾಗವಿಲ್ಲ.

ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲವಲ್ಲ! ಇಡೀ ದಡಕ್ಕೆ ಕೇಳುವಂತೆ ಕೂಗಿಯಾಗಿತ್ತು.

ಚಿಕ್ಕಪ್ಪ ಕೂಗು ಕೇಳಿಯೇ ಬಂದರು. ಅರವತ್ತೆರಡರ ಒಣಕಲು ಆಳು, ಕೆಂಪು ಉಣ್ಣೆ ಟೊಪ್ಪಿ, ಉಪ್ಪು ತಿಂದು ಬಿರಿದ ಕಾಲು. ದಿಬ್ಬದ ಮೇಲೆ ನಿಂತರು. ಕೆಳಗಿಳಿಯಲಿಲ್ಲ.

"ರಾಯಿಸ್ ಫೆರ್ಜಾನಿ," ಎಂದು ಮೇಡಂ ಗೌರವದಿಂದಲೇ ಕೇಳಿದರು. ನಮ್ಮಲ್ಲಿ ದೋಣಿಯ ಯಜಮಾನನಿಗೆ ರಾಯಿಸ್ ಎನ್ನುತ್ತಾರೆ. "ಈ ಗೂಟಗಳು ನಿಮಗೆ ಗೊತ್ತಾ?"

ಚಿಕ್ಕಪ್ಪ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕೆಸರು ನೋಡಿದರು.

"ಗೊತ್ತಿಲ್ದೆ ಏನು? ನಮ್ಮಪ್ಪ ನೆಟ್ಟಿದ್ದು. ನಾನು ಹುಟ್ಟೋಕೆ ಮುಂಚೆ. ಗರಿ ಸಾಲ್ದೆ ಬಂದ ವರ್ಷ ಆಲಿವ್ ಕೊಂಬೆ ಕಡಿದು ಹೊಡೆದಿದ್ರಂತೆ."

"ಖಂಡಿತಾನಾ?"

"ನಮ್ಮಪ್ಪನ ಬೇಲಿ ನಂಗೆ ಗೊತ್ತಿಲ್ವಾ ಡಾಕ್ಟರಮ್ಮ? ನಾಳೆ ಇಳಿತಕ್ಕೆ ಹಗ್ಗ ತಂದು ಎಲ್ಲಾ ಕಿತ್ತು ಹಾಕ್ತೀನಿ. ಸೋಮವಾರ ನಂದು ನೆಡೋದಿದೆ." ಹಾಗೆಂದು ತಿರುಗಿ ಹೊರಟೇಬಿಟ್ಟರು.

ಹಶ್ಮಿ ನನ್ನ ಕಡೆ ನೋಡಿ ಹಲ್ಲು ಕಿರಿದ. "ಎರಡು ಸಾವಿರ ವರ್ಷ ಅಂತ ಕುಣಿದ್ಯಲ್ಲಕ್ಕ, ನಿಮ್ಮಜ್ಜಂಗೆ ಅಷ್ಟು ವಯಸ್ಸಾಗಿತ್ತಾ?"

ಆರು ಜನವೂ ನಕ್ಕರು. ನನಗೆ ಕೆಸರಿನಲ್ಲೇ ಹುಗಿದು ಹೋಗಬೇಕೆನಿಸಿತು. ಮೇಡಂ ನಗಲಿಲ್ಲ. ನಾಳೆ ಎಲ್ಲರೂ ತೊಟ್ಟಿಯ ಕೆಲಸಕ್ಕೆ ಎಂದು ಹೇಳಿ, ನನ್ನ ಬೆನ್ನು ತಟ್ಟಿ, "ಆದ್ರೂ ನಕ್ಷೆ ಬರೆದಿಡು, ಕಿತ್ತ ಮೇಲೆ ಸಿಗಲ್ಲ" ಎಂದರು. ಆ ಒಂದು ಮಾತೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಉಬ್ಬರ ಬರುವವರೆಗೆ ಮುಖ ಊದಿಸಿಕೊಂಡೇ ಅಳೆದೆ. ನೂರಾ ಹನ್ನೆರಡು ಗೂಟ. ಮಧ್ಯಾಹ್ನ ಮನೆಯ ಜಗಲಿಯಲ್ಲಿ ಕುಳಿತು ಪ್ರತಿಯೊಂದನ್ನೂ ಕಾಗದದ ಮೇಲೆ ಚುಕ್ಕಿಯಾಗಿ ಇಟ್ಟು, ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದೆ. ಪಾಚಿ, ಕೊಚ್ಚೆ, ಕುಳಿಗಳ ನಡುವೆ ಕಣ್ಣಿಗೆ ಸಿಗದಿದ್ದ ಆಕಾರ ಬಿಳಿ ಹಾಳೆಯ ಮೇಲೆ ತಟ್ಟನೆ ಎದ್ದು ನಿಂತಿತು. ಬಾಣದ ಆಕಾರ. ಉದ್ದನೆಯ ಕಾಲು, ಅದರ ತುದಿಯಲ್ಲಿ ಎರಡು ರೆಕ್ಕೆ. ನಮ್ಮ ಶರ್ಫಿಯಾದ್ದೇ ಆಕಾರ. ಒಂದೇ ಒಂದು ತೊಂದರೆ. ನಮ್ಮ ಬೇಲಿಯ ಬಾಣ ಯಾವಾಗಲೂ ಆಳ ಸಮುದ್ರದ ಕಡೆಗೆ ಗುರಿಯಿಡುತ್ತದೆ, ಏಕೆಂದರೆ ಮೀನು ಓಡುವುದು ಆ ಕಡೆಗೆ. ಇದು ದಡದ ಕಡೆಗೆ ಮುಖ ಮಾಡಿತ್ತು.

ಕಾಗದವನ್ನು ತಿರುಗಿಸಿ ನೋಡಿದೆ. ಉತ್ತರ ದಿಕ್ಕಿನ ಗುರುತು ತಪ್ಪು ಹಾಕಿದೆನೇ ಎಂದು ಅಳತೆಯ ಪುಸ್ತಕ ತೆಗೆದು ಮೂರು ಸಲ ಲೆಕ್ಕ ಹಾಕಿದೆ. ಸರಿಯಾಗಿತ್ತು. ಅಜ್ಜ ಬೇಲಿಯನ್ನು ಹಿಂದುಮುಂದಾಗಿ ಕಟ್ಟಿದ್ದ! ಇಡೀ ದ್ವೀಪದಲ್ಲಿ ಬೂಬೇಕರನಂಥ ಬೇಲಿಗಾರನಿಲ್ಲ ಎಂದು ಕೇಳಿಕೊಂಡೇ ಬೆಳೆದವಳಿಗೆ ನಗು ಬಂತು, ನಾಚಿಕೆಯೂ ಆಯಿತು. ಇದಕ್ಕೆ ಬೇರೆ ಕಾರಣವಿರಬಹುದು ಎಂದು ಆಗ ಹೊಳೆದಿದ್ದರೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಳೆಯಲಿಲ್ಲ.

ಗುರುವಾರ ಒಂಬತ್ತರ ಇಳಿತಕ್ಕೆ ಚಿಕ್ಕಪ್ಪ ಹೆಗಲಿಗೆ ಹಗ್ಗ ಹಾಕಿಕೊಂಡು ಬಂದರು. ನಾವೆಲ್ಲ ದಿಬ್ಬದ ಬುಡದಲ್ಲಿ ತೊಟ್ಟಿಯ ಚಾಚಿದ ಅಂಚಿಗೆ ಮರದ ಊರೆಗೋಲು ಕೊಡುತ್ತಿದ್ದೆವು. ನಾನು ಕಾಗದವನ್ನು ಮೇಡಂಗೆ ತೋರಿಸಲು ಹಲಗೆಯ ಮೇಲೆ ಹರಡಿದ್ದೆ. ಹಶ್ಮಿ ಬಗ್ಗಿ ನೋಡಿದ. ಅವನೂ ಬೇಲಿಗಾರರ ಮನೆಯವನೇ. ಅವನ ಹುಬ್ಬು ಮೇಲೇರಿತು.

"ರಾಯಿಸ್!" ಎಂದು ಕೂಗಿದ. "ನಿಮ್ಮಪ್ಪ ಹಿಡೀತಿದ್ದಿದ್ದು ಮೀನಾ, ಆಡಾ?"

"ಏನಯ್ಯಾ ಅದು?"

"ಬೇಲಿ ಮುಖ ದಡದ ಕಡೆಗಿದೆ. ಮೀನು ಗೂಡಿಗೆ ಹೋಗ್ಬೇಕಾದ್ರೆ ಮೊದ್ಲು ದಡ ಹತ್ತಿ, ಖರ್ಜೂರದ ಮರದ ನೆರಳಲ್ಲಿ ಕೂತು ಚಹಾ ಕುಡಿದು, ಆಮೇಲೆ ಹಿಂದಕ್ಕೆ ಬರ್ಬೇಕು!"

ಕೂಲಿಯವರು ಸಲಿಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮೀನಿನ ಹಾಗೆ ಬಾಯಿ ಮಾಡುತ್ತಾ ಚಹಾ ಹೀರುವ ನಟನೆ ಮಾಡಿದ. ಚಿಕ್ಕಪ್ಪ ದಾಪುಗಾಲಿಟ್ಟು ಬಂದು ಕಾಗದ ಕಿತ್ತುಕೊಂಡರು.

"ಇದನ್ನ ಉಲ್ಟಾ ಹಿಡಿದಿದೀಯ."

"ಇಲ್ಲ ಚಿಕ್ಕಪ್ಪ, ತೊಟ್ಟಿ ಇಲ್ಲಿದೆ ನೋಡಿ. ಇದು ದಡ."

ಅವರು ಕಾಗದ ನೋಡಿದರು, ತಲೆಯೆತ್ತಿ ಕೆಸರು ನೋಡಿದರು. ರೆಕ್ಕೆಗಳ ಚಾಚು ಯಾವ ಕಡೆಗಿದೆಯೆಂದು ಈ ಸಲ ನಿಜವಾಗಿ ನೋಡಿದರು. ಕತ್ತಿನ ನರ ಉಬ್ಬಿ ಬಂತು.

ಮೇಡಂ ಸಮಾಧಾನ ಮಾಡಲು ಹೋಗಿ ಬೆಂಕಿಗೆ ತುಪ್ಪ ಸುರಿದರು. "ಹೋಗ್ಲಿ ಬಿಡಿ ರಾಯಿಸ್, ಯಾರೇ ಆದ್ರೂ ಒಂದ್ಸಲ ತಪ್ಪು ಮಾಡ್ತಾರೆ. ನಿಮ್ಮ ತಂದೆ ಆಗ ಇನ್ನೂ ಕಲೀತಾ ಇದ್ರೇನೋ."

"ನಮ್ಮಪ್ಪನಾ? ಕಲೀತಾ ಇದ್ರಾ?" ಚಿಕ್ಕಪ್ಪನ ಧ್ವನಿಗೆ ದಡದ ಹಕ್ಕಿಗಳೆಲ್ಲ ಹಾರಿದವು. "ಬೂಬೇಕರ್ ಬೇಲೀನ ಹಿಂದುಮುಂದಾಗಿ ನೆಟ್ಟಿದ್ದು ಅಂತೀರಾ? ಕಣ್ಣು ಕಟ್ಟಿ ನೀರಿಗೆ ಇಳಿಸಿದ್ರೂ ಪ್ರವಾಹ ಯಾವ ಕಡೆ ಅಂತ ಹೇಳ್ತಿದ್ದ ಮನುಷ್ಯ! ಈ ನೀರಲ್ಲಿ ನಮ್ಮಪ್ಪ ಒಂದೇ ಒಂದು ಗೂಟಾನೂ ಹೀಗೆ ಹೊಡೆದಿಲ್ಲ. ಒಂದೂ ಇಲ್ಲ! ಇದು ನಮ್ಮಪ್ಪಂದು ಅಂತ ಯಾವನು ಹೇಳಿದ್ದು?"

ಹೇಳಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪನಿಗೂ ಅದು ಗೊತ್ತಾಯಿತು. ಸಿಟ್ಟು ಒಂದೇ ಸಲಕ್ಕೆ ಇಳಿದು ಹೋಗಿ, ಅವರು ತಮ್ಮ ಗರಿಗಳ ರಾಶಿಯ ಮೇಲೆ ಕುಳಿತುಬಿಟ್ಟರು. ಹಗ್ಗ ಹೆಗಲಿನಿಂದ ಜಾರಿತು. ನನ್ನ ಕೂಗಿನಿಂದ ಶುರುವಾದದ್ದಕ್ಕೆ ಈ ಮನುಷ್ಯ ಸುಳ್ಳು ಹೇಳಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು. ಅದೇ ಹೊತ್ತಿಗೆ ಒಂದು ಪ್ರಶ್ನೆಯೂ ಎದ್ದಿತು. ಅಜ್ಜನದಲ್ಲದಿದ್ದರೆ ಇದು ಯಾರದು?

ಹಶ್ಮಿ ಮೊದಲು ಹೋಗಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. "ತಮಾಷೆಗೆ ಅಂದೆ ರಾಯಿಸ್. ತಪ್ಪು ತಿಳ್ಕೋಬೇಡಿ."

"ಥೂ, ನಿನ್ನ ತಮಾಷೆಗಿಷ್ಟು," ಎಂದರು ಚಿಕ್ಕಪ್ಪ. ಆದರೆ ಅವರ ಕಣ್ಣು ಕೆಸರಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಎದ್ದು, ಷರಾಯಿ ಮಡಚಿ, ಕೆಳಗಿಳಿದರು. ಒಂದೊಂದೇ ಗೂಟದ ಬುಡಕ್ಕೆ ಬೆರಳು ತೂರಿಸಿ ಅದರ ಓರೆ ನೋಡುತ್ತಾ ಹೋದರು. ನಾನು ಅವರ ಹಿಂದೆ ಬೆಕ್ಕಿನ ಹೆಜ್ಜೆ ಹಾಕಿದೆ.

"ಇವನು ದಡ್ಡ ಅಲ್ಲ," ಎಂದರು ಕೊನೆಗೆ.

"ಯಾರು?"

"ಇದನ್ನ ನೆಟ್ಟೋನು. ಗೂಟ ಎಲ್ಲಾ ಒಂದೇ ಕಡೆ ಓರೆ. ನೀರಿನ ಒತ್ತಡ ಬರೋ ಕಡೆಗೆ ಓರೆ ಕೊಟ್ಟಿದಾನೆ. ಅಂದ್ರೆ ಇಳಿತದ ನೀರು ಆ ಕಡೆಯಿಂದ," ಎಂದು ತೆರೆದ ಸಮುದ್ರದತ್ತ ಕೈ ಮಾಡಿ, ಮತ್ತೆ ದಿಬ್ಬದತ್ತ ತಿರುಗಿಸಿದರು, "ಈ ಕಡೆಗೆ ಓಡ್ತಿತ್ತು."

"ದಡದೊಳಗೆ ನೀರು ಹೇಗೆ ಓಡತ್ತೆ ಚಿಕ್ಕಪ್ಪ?"

"ತಲೆ ಉಪಯೋಗ್ಸೇ ಹುಡುಗಿ! ದಿಬ್ಬದ ಹಿಂದೆ ಏನಿದೆ?"

ದಿಬ್ಬದ ಹಿಂದೆ ಉಪ್ಪು ಬಯಲಿದೆ. ಹಾವಿನಂತೆ ಸುತ್ತಿಕೊಂಡು ದ್ವೀಪದ ಆಚೆ ದಡದವರೆಗೂ ಹೋಗುವ ತಗ್ಗು.

"ಕಾಲುವೆ! ಅದು ಕಾಲುವೆಯಾಗಿತ್ತು!"

"ಆಳ ಇದ್ದಿದ್ದು ಅಲ್ಲಿ. ಮೀನು ಓಡ್ತಿದ್ದಿದ್ದು ಅಲ್ಲಿಗೆ. ಬೇಲಿಯ ಕಾಲು ಯಾವತ್ತೂ ದಡದಿಂದಲೇ ಶುರುವಾಗ್ಬೇಕಲ್ವಾ? ಇವನ ಕಾಲು ಶುರುವಾಗೋದು ಅಲ್ಲಿಂದ." ಅವರು ತೋರಿಸಿದ್ದು ಅಲೆಗಳನ್ನು. ಅಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ. "ಅಂದ್ರೆ ಅಲ್ಲಿ ದಡ ಇತ್ತು. ಮನೆ ಇದ್ವೋ ಏನೋ. ಅದನ್ನೆಲ್ಲಾ ಇವಳು ಯಾವಾಗಲೋ ತಿಂದು ಹಾಕಿದಾಳೆ."

ಇವಳು ಎಂದರೆ ಸಮುದ್ರ. ಬೆಹಿಜಾ ಮೇಡಂ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಸುತ್ತ ಒಂದು ಸುತ್ತು ತಿರುಗಿದರು. ಹನ್ನೊಂದು ವರ್ಷದಿಂದ ಅವರು ಹುಡುಕುತ್ತಿದ್ದದ್ದು ಅದನ್ನೇ. ನಾವು ಅಗೆಯುತ್ತಿದ್ದ ರೋಮನ್ನರ ಕಾಲದ ಊರಿನ ಅರ್ಧ ಎಲ್ಲಿ ಹೋಯಿತು, ಬೀದಿಗಳೆಲ್ಲ ದಡಕ್ಕೆ ಬಂದು ತಟ್ಟನೆ ಏಕೆ ನಿಲ್ಲುತ್ತವೆ ಎಂದು. ಉತ್ತರವನ್ನು ನಮ್ಮ ಚಿಕ್ಕಪ್ಪ ಹೇಳಿದ್ದರು, ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ಬೈಯುತ್ತಾ.

"ರಾಯಿಸ್," ಎಂದರು ಮೇಡಂ. "ಇದೆಲ್ಲಾ ಊಹೆ ಅಂತಾರೆ. ಹಳೇದು ಅನ್ನೋಕೆ ಪುರಾವೆ ಬೇಕು."

"ಪುರಾವೆ ನಂಗ್ಯಾಕೆ ಕೇಳ್ತೀರಾ? ಗೂಡು ಹುಡುಕಿ. ಕಾಲು ಇದೆ, ರೆಕ್ಕೆ ಇದೆ, ಗೂಡು ಎಲ್ಲಿ?"

"ಎಲ್ಲಿರತ್ತೆ?"

ಚಿಕ್ಕಪ್ಪ ಅವರನ್ನು ಎಳೆ ಕೂಸನ್ನು ನೋಡುವಂತೆ ನೋಡಿದರು. ಆಮೇಲೆ ಅಳೆಯಲು ಶುರು ಮಾಡಿದರು. ನಮ್ಮಲ್ಲಿ ಬೇಲಿ ಅಳೆಯುವುದು ಮೈಯಿಂದ. ತೋಳು ಚಾಚಿದರೆ ಒಂದು ಮಾರು. ರೆಕ್ಕೆಯ ತುದಿಯಿಂದ ತುದಿಗೆ ಎಷ್ಟು ಮಾರೋ, ಅದರ ಅರ್ಧದಷ್ಟು ಮುಂದೆ ಗೂಡಿನ ಬಾಗಿಲು. ಹಗ್ಗದ ಒಂದು ತುದಿ ಹಶ್ಮಿಯ ಕೈಗೆ ಕೊಟ್ಟು, ಇನ್ನೊಂದು ಹಿಡಿದು, ಬಾಯಲ್ಲಿ ಎಣಿಸುತ್ತಾ ಹೊರಟರು. ಹನ್ನೆರಡು ಮಾರು. ಮಡಚಿ ಆರು. ರೆಕ್ಕೆಗಳು ಸೇರುವ ಜಾಗದಿಂದ ಮತ್ತೆ ತೋಳು ಚಾಚಿದರು. ಒಂದು, ಎರಡು. ನಾವೆಲ್ಲ ಹಿಂದೆಯೇ. ನಾಲ್ಕು. ಕೆಸರು ಮುಗಿದು ದಿಬ್ಬದ ಬುಡ ಬಂತು. ಐದು. ಆರನೆಯ ಮಾರಿಗೆ ಅವರ ಎದೆ ದಿಬ್ಬದ ಮಣ್ಣಿಗೆ ತಾಗಿತು. ಅವರು ತಲೆಯೆತ್ತಿದರು. ನೇರ ನೆತ್ತಿಯ ಮೇಲೆ, ನಾವು ಊರೆಗೋಲು ಕೊಟ್ಟಿದ್ದ ಗಾರೆಯ ತೊಟ್ಟಿ.

"ಇದರಡೀಲಿ," ಎಂದರು.

ನಾನು ಕಿರುಚಿದೆನೋ, ಮೇಡಂ ಕಿರುಚಿದರೋ ಈಗ ನೆನಪಿಲ್ಲ. ತೊಟ್ಟಿಯ ತಳ ಒಂದು ಗೆರೆಯೂ ಒಡೆಯದ ಗಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದರಡಿಯ ಕೆಸರಿನಲ್ಲಿ ಗೂಟವಿದ್ದರೆ, ತೊಟ್ಟಿ ಕಟ್ಟುವುದಕ್ಕೆ ಮುಂಚೆ ಹೊಡೆದದ್ದೇ ಆಗಬೇಕು. ಅಜ್ಜನೂ ಅಲ್ಲ, ಅಜ್ಜನ ಅಜ್ಜನೂ ಅಲ್ಲ.

ಮೂರಕ್ಕೆ ಉಬ್ಬರ. ನಮಗಿದ್ದದ್ದು ನಾಲ್ಕೂವರೆ ಗಂಟೆ. ಊರೆಗೋಲುಗಳ ನಡುವೆ ಒಬ್ಬರಿಗೆ ಮಾತ್ರ ಮಲಗುವಷ್ಟು ಜಾಗ ಮಾಡಿಕೊಂಡೆವು. ಹಶ್ಮಿ ಅಂಗಾತ ಮಲಗಿ ಕರಣೆಯಿಂದ ಮಣ್ಣು ಕೆರೆದ, ಐದು ಜನ ಬಕೆಟ್ಟಿನಿಂದ ನೀರು ಎತ್ತಿ ಚೆಲ್ಲಿದರು, ನಾನು ಒದ್ದೆ ಹಾಳೆಯ ಮೇಲೆ ಬರೆದೆ. ಊಟ ಯಾರಿಗೂ ಬೇಡವಾಗಿತ್ತು. ಒಂದು ಗಂಟೆಯಾದರೂ ಏನೂ ಸಿಗಲಿಲ್ಲ. ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ಹೇಳಿದ್ದೇ ಹೇಳಿದರು.

"ಎಡಕ್ಕೆ. ಇನ್ನೂ ಎಡಕ್ಕೆ. ಗೂಡಿನ ಬಾಗಿಲು ಯಾವತ್ತೂ ನಡುವೆ ಇರಲ್ಲ ಕಣೋ, ಮೀನು ವಾಪಸ್ ಹೋಗ್ಬಿಡತ್ತೆ. ನಿಮ್ಮಪ್ಪ ನಿಂಗೆ ಏನು ಕಲಿಸಿದ?"

"ನಮ್ಮಪ್ಪ ಬಾಯಿ ಮುಚ್ಕೊಂಡು ಕೆಲಸ ಮಾಡೋದು ಕಲಿಸಿದ ರಾಯಿಸ್."

"ಅದನ್ನಾದ್ರೂ ಕಲೀಬಾರ್ದಿತ್ತಾ?"

ಹಶ್ಮಿಯ ಕರಣೆ ನಿಂತಿತು. "ಒಂದು," ಎಂದ. ಕೆಸರೊಳಗಿನಿಂದ ಅವನ ಧ್ವನಿ ಸಣ್ಣಗೆ ಬಂತು. "ಗೂಟ. ಎರಡು. ಅಯ್ಯೋ ದೇವರೇ, ಸುತ್ತ ಇದೆ ಮೇಡಂ! ದುಂಡಗೆ ಸುತ್ತ ಇದೆ!"

ಆ ದುಂಡನೆಯ ಸಾಲಿನ ನಡುವೆ ಮಲಗಿತ್ತು ಬುಟ್ಟಿ. ಕೊಡದ ಗಾತ್ರದ್ದು, ಒಂದು ಪಕ್ಕ ಚಪ್ಪಟೆಯಾಗಿ, ಕಾಫಿ ಬಣ್ಣಕ್ಕೆ ತಿರುಗಿ. ಅದರ ಬಾಯಲ್ಲಿ ಒಳಮುಖವಾಗಿ ನೇಯ್ದ ಕೊಳವೆ ಹಾಗೇ ಇತ್ತು. ಮೀನು ಒಳಗೆ ಹೋಗಬಹುದು, ಹೊರಗೆ ಬರಲಾಗದು. ಹೊಟ್ಟೆಯಲ್ಲಿ ಹಿಡಿಯಷ್ಟು ಮುಳ್ಳು. ಯಾರೋ ಇಟ್ಟ ಬುಟ್ಟಿ, ಯಾರೂ ಎತ್ತಲು ಬಾರದೆ ಹೋದ ಬುಟ್ಟಿ. ಮೇಡಂ ಮೊಣಕಾಲೂರಿ ಅಳುತ್ತಿದ್ದರು, ನಾನು ಹಶ್ಮಿಯ ಕೆಸರು ಮೆತ್ತಿದ ತಲೆಯನ್ನು ಹಿಡಿದು ಮುತ್ತು ಕೊಟ್ಟುಬಿಟ್ಟೆ. ಅವನ ಹೆಂಡತಿಗೆ ಆಮೇಲೆ ನಾನೇ ಹೇಳಿದೆ.

ಚಿಕ್ಕಪ್ಪ ಮಾತ್ರ ಬುಟ್ಟಿಯ ಅಂಚಿಗೆ ಮುಖ ಹತ್ತಿರ ತಂದು, ಮುಟ್ಟದೆ, ಗಂಟುಗಳನ್ನು ದಿಟ್ಟಿಸುತ್ತಿದ್ದರು. "ಈ ಗಂಟು ನಂಗೆ ಬರಲ್ಲ," ಎಂದರು, ಅಸೂಯೆಯಿಂದ. "ಎರಡು ಎಳೆ ಹೋಗಿ ಒಂದು ಎಳೆ ವಾಪಸ್ ಬರತ್ತೆ. ನೋಡೇ, ನಂದಕ್ಕಿಂತ ಗಟ್ಟಿ. ಹಾಳಾದೋನು, ಎಲ್ಲಿ ಕಲಿತನೋ!"

ನೀರು ಪಾದ ಮುಟ್ಟುವ ಹೊತ್ತಿಗೆ ಬುಟ್ಟಿಯನ್ನು ಹಲಗೆಯ ಮೇಲೆ ಜಾರಿಸಿ, ಒದ್ದೆ ಬಟ್ಟೆ ಸುತ್ತಿ, ಸಮುದ್ರದ ನೀರು ತುಂಬಿದ ಮೀನಿನ ಪೆಟ್ಟಿಗೆಯಲ್ಲಿ ಇಳಿಸಿದ್ದೆವು. ಮೇಡಂ ಮುಖ ತೊಳೆದುಕೊಂಡು ಚಿಕ್ಕಪ್ಪನ ಹತ್ತಿರ ಬಂದರು. ಏನು ಹೇಳಲು ಬಂದಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

"ರಾಯಿಸ್, ಇನ್ಮೇಲೆ ಈ ನೀರಲ್ಲಿ..."

"ಅಳೆಯೋವಾಗ ನಂಗೆ ಗೊತ್ತಿರ್ಲಿಲ್ವಾ ಡಾಕ್ಟರಮ್ಮ?" ಎಂದರು ಚಿಕ್ಕಪ್ಪ. "ನಾಲ್ಕನೇ ಮಾರಿಗೇ ಗೊತ್ತಾಯ್ತು, ಗೂಡು ತೊಟ್ಟಿ ಅಡೀಗೇ ಬರತ್ತೆ ಅಂತ. ಐದನೇದು ಹಾಕ್ದೆ ಇರಬಹುದಿತ್ತು. ಕೈ ಕೇಳ್ಲಿಲ್ಲ." ಆಮೇಲೆ ಮೂಡಣದ ಕಡೆ ನೋಡಿ, "ಅದಿರ್ಲಿ, ನಾಳೆ ಸಂಜೆ ಗಾಳಿ ಬಂದ್ರೆ ಈ ಗೂಟ ಒಂದಾದ್ರೂ ಉಳಿಯತ್ತಾ?" ಎಂದು ಕೇಳಿದರು.

ಮರಳಿನ ಚೀಲಗಳು ಮುಂದಿನ ವಾರದ ಹಡಗಿಗೇ ಬರುವುದು ಎಂದರು ಮೇಡಂ.

"ಚೀಲ ತಗೊಂಡು ಏನು ಮಾಡ್ತೀರಾ? ಗರಿ ನೆಟ್ರೆ ನೀರು ನಿಧಾನ ಆಗತ್ತೆ. ನಿಧಾನ ಆದ ನೀರು ಮರಳು ಬಿಟ್ಟು ಹೋಗತ್ತೆ. ಒಂದು ಗಾಳಿಗೆ ಗೂಟ ಎಲ್ಲಾ ಮುಚ್ಚಿ ಹೋಗತ್ತೆ, ನಿಮ್ಮ ಚೀಲಕ್ಕಿಂತ ಭದ್ರ." ತಮ್ಮ ರಾಶಿಯ ಕಡೆ ಕೈ ಬೀಸಿದರು. "ಮುನ್ನೂರು ಇದೆ. ಸಾಲ್ದೇ ಇದ್ರೆ ಹಶ್ಮಿ ಅಪ್ಪನ ತೋಟದಲ್ಲಿ ಕಡಿಯೋಣ. ಅವನ ಮರಕ್ಕೆ ಖರ್ಜೂರ ಹೇಗೂ ಬಿಡಲ್ಲ."

ಶುಕ್ರವಾರ ನಮಾಜು ಮುಗಿಸಿದ ಗಂಡಸರು ನೇರವಾಗಿ ದಡಕ್ಕೆ ಬಂದರು. ಬೂಬೇಕರನ ನೀರಿಗೆ ಬೇರೆ ಮನೆಯವರು ಕಾಲಿಟ್ಟದ್ದು ನಾನು ಕಂಡಂತೆ ಅದೇ ಮೊದಲು. ಒಬ್ಬೊಬ್ಬನೂ ಇಳಿಯುವ ಮುಂಚೆ ಚಿಕ್ಕಪ್ಪನ ಮುಖ ನೋಡಿ ಒಪ್ಪಿಗೆ ಕೇಳಿದ, ಅವರು ಒಬ್ಬೊಬ್ಬನಿಗೂ ತಲೆಯಾಡಿಸಿದರು. ಸಲಾಕೆಯಿಂದ ಕುಳಿ ಹೊಡೆದು, ಗರಿ ಇಳಿಸಿ, ಮೈಭಾರ ಹಾಕಿ ತಿರುಚಿ ಕೂರಿಸುವುದು. ಹಳೆಯ ಬೇಲಿಯನ್ನೂ ದಿಬ್ಬದ ಬುಡವನ್ನೂ ಸೇರಿಸಿ ದೊಡ್ಡ ಬಳೆಯಂತೆ ಸುತ್ತುಗಟ್ಟಿದೆವು. ಹೆಂಗಸರು ದಡದಿಂದ ಗರಿ ಸಾಗಿಸಿದರು, ಯಾರೋ ಬಾರ್ಲಿ ಗಂಜಿ ತಂದರು, ಹಶ್ಮಿ ತನ್ನ ಪಾಲಿನದಲ್ಲದೆ ನನ್ನ ಪಾಲಿನದನ್ನೂ ಕುಡಿದ. ಮೂಡಣದಲ್ಲಿ ಮೋಡ ಕಪ್ಪಾಗುತ್ತಿತ್ತು, ಯಾರಿಗೂ ಸುಸ್ತೆಂಬುದೇ ಇರಲಿಲ್ಲ. ನಾನಂತೂ ಸೊಂಟ ಮಟ್ಟದ ನೀರಿನಲ್ಲಿ ಓಡಾಡುತ್ತಾ ಎಲ್ಲರನ್ನೂ ಬೈದು ಎಲ್ಲರಿಂದಲೂ ಬೈಸಿಕೊಂಡೆ.

ಕೊನೆಯ ಒಂದು ಗೇಣು ಉಳಿಯಿತು. ಅಲ್ಲಿ ಚಿಕ್ಕಪ್ಪ ನಿಂತಿದ್ದರು, ಕೈಯಲ್ಲಿ ಕೊನೆಯ ಗರಿ. ನೆಡಲಿಲ್ಲ. ಎಲ್ಲರೂ ಕಾದರು. ಅಲೆ ಬಂದು ಎರಡು ಸಲ ಅವರ ಎದೆಗೆ ಹೊಡೆಯಿತು.

"ಯಾಕೆ ಚಿಕ್ಕಪ್ಪ? ಮುಚ್ಚಿ."

"ಬಾಯಿ ಇಲ್ಲದ ಬೇಲಿ ನಾನು ಯಾವತ್ತೂ ಕಟ್ಟಿಲ್ಲ ಕಣೇ," ಎಂದರು ಮೆಲ್ಲಗೆ. "ಇದನ್ನ ಮುಚ್ಚಿದ್ರೆ ಇನ್ನು ಇಲ್ಲಿ ಮೀನಿಲ್ಲ. ನಂಗೆ ಕೈ ಬರ್ತಿಲ್ಲ. ನೀನೇ ನೆಡು."

ನಮ್ಮ ಮನೆಯಲ್ಲಿ ಇದುವರೆಗೆ ಹೆಂಗಸೊಬ್ಬಳು ಗರಿ ನೆಟ್ಟಿಲ್ಲ. ಅವರು ಅದನ್ನು ನನ್ನ ಕೈಗಿತ್ತರು. ನಾನು ಕುಳಿಗೆ ಇಳಿಸಿ ಮೈಭಾರವೆಲ್ಲ ಹಾಕಿದೆ. "ಇನ್ನೂ ಅರ್ಧ ಮೊಳ," ಎಂದರು. "ಬಲಕ್ಕೆ ತಿರುಚು. ಮಣಿಕಟ್ಟಿಂದ ಅಲ್ಲ, ಭುಜದಿಂದ. ಈಗ ಅಲ್ಲಾಡಿಸಿ ನೋಡು." ಅಲ್ಲಾಡಿಸಿದೆ. ಜಗ್ಗಲಿಲ್ಲ. ನನ್ನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಒಣಗಿದ ಕೈ ಯಾರ ಹತ್ತಿರವೂ ಇರಲಿಲ್ಲ.

ಎಲ್ಲರೂ ದಡಕ್ಕೆ ಹೋದ ಮೇಲೆ ಚಿಕ್ಕಪ್ಪ ಅಲ್ಲೇ ನಿಂತು ಮುಚ್ಚಿದ ಬೇಲಿಯನ್ನು ನೋಡಿದರು.

"ಗಾಳಿ ಇಳಿದ ಮೇಲೆ, ಸೋಮವಾರ," ಎಂದರು, "ನಾನು ಎಲ್ಲಿಗೆ ಹೋಗ್ಲಿ ಹೇಳು?"

ಈ ಸಲ ನನ್ನ ಬಾಯಿ ನನ್ನ ಮಾತು ಕೇಳಿತು.

"ನಮ್ಮ ಜೊತೆಗೆ, ಅಗೆತದ ಕೆಲಸಕ್ಕೆ. ಆ ಬೇಲಿಯ ಕಾಲು ಎಲ್ಲಿಂದ ಶುರುವಾಯ್ತು ಅಂತ ಹುಡುಕ್ಬೇಕಲ್ಲ ಚಿಕ್ಕಪ್ಪ? ಮುಳುಗಿ ಹೋದ ಅರ್ಧ ಊರು ಅಲ್ಲಿದೆ. ಆ ನೀರಿನ ತಳ ಗೊತ್ತಿರೋದು ನಿಮಗೊಬ್ಬರಿಗೇ. ಏಳು ಗಂಟೆಗೆ ಬನ್ನಿ, ಮೇಡಂ ಕಾಯ್ತಿರ್ತಾರೆ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಏಳಕ್ಕಾ?" ಎಂದರು. "ಏಳಕ್ಕೆ ಕೆಲಸ ಶುರು ಮಾಡೋದಕ್ಕೇ ನಿಮಗೆ ಹನ್ನೊಂದು ವರ್ಷ ಏನೂ ಸಿಕ್ಕಿಲ್ಲ. ನನ್ನ ದೋಣಿ ಐದಕ್ಕೆ ಹೊರಡತ್ತೆ. ಬರೋರು ಬನ್ನಿ."